ಎರಡೂ ಎಡಗಾಲು

ವಿಮ್ಸ್ ವಾರ್ಡಿನಲ್ಲಿ ಅವನಿಗಿನ್ನೂ ಎಚ್ಚರವಾಗಿರಲಿಲ್ಲ,
ಮೊದಲನೆಯವನು ಆಗಲೇ ಬಂದಿದ್ದ.
ಕೈಯಲ್ಲಿ ಎಳನೀರು, ಕಂಕುಳಲ್ಲಿ ಫೈಲು.
'ಅಕ್ಕಾ, ಇಲ್ಲೊಂದು ಸಹಿ, ಇಲ್ಲೊಂದು, ಇಲ್ಲೊಂದು,
ಮಿಕ್ಕಿದ್ದು ಸಾಹೇಬರು ತುಂಬಿಕೊಳ್ತಾರೆ.'
ಕಾಗದ ಬಿಳಿ,
ಗಾದಿಲಿಂಗನ ತಲೆಗೆ ಸುತ್ತಿದ ಬಟ್ಟೆಯಷ್ಟೇ ಬಿಳಿ.
ಎಳನೀರು ಇಸಕೊಂಡೆ, ಸಹಿ ಮಾಡಲಿಲ್ಲ.
ನಾನು ಸುಂಕ್ಲಮ್ಮ, ಜೀನ್ಸಿಗೆ ಗುಂಡಿ ಹಚ್ಚುವವಳು,
ಎಣಿಸದೆ ಗುಂಡಿ ಕೂಡ ಇಸಕೊಳ್ಳುವುದಿಲ್ಲ.

ಹದಿನಾರು ದಿನಕ್ಕೆ ಮನೆಗೆ ಬಂದ.
ಓಣಿಯವರು ನೋಡಿದರು: ಕೈಕಾಲು ನೆಟ್ಟಗಿವೆ,
ತಲೆಯ ಹೊಲಿಗೆ ಕೂದಲಲ್ಲಿ ಮುಚ್ಚಿದೆ.
'ದೇವರು ದೊಡ್ಡವನು, ಏನೂ ಆಗಿಲ್ಲ ಬಿಡು.'
ಏನೂ ಆಗಿಲ್ಲ.
ಹಾಲುಕ್ಕಿ ಸೀದರೆ ವಾಸನೆ ಹತ್ತುವುದಿಲ್ಲ.
ಮಗಳ ಹೆಸರು ಬಾಯಿಗೆ ಬರುವುದರೊಳಗೆ
ಅವಳು ಓಣಿ ದಾಟಿರುತ್ತಾಳೆ.
ಫ್ಯಾನು ತಿರುಗಿದರೆ ಸಿಟ್ಟು, ನಿಂತರೂ ಸಿಟ್ಟು,
ಆಮೇಲೆ ಗೋಡೆಗೆ ಮುಖ ಮಾಡಿ ಅಳು.
ಇದಕ್ಕೆ ರಸೀದಿ ಎಲ್ಲಿ ಕೊಡುತ್ತಾರೆ?

ಸುಧಾ ಕ್ರಾಸಿನ ಅದಿರು ಲಾರಿಗೆ ವಿಮೆ ಇತ್ತು.
ಹಾಗಾಗಿ ಬಳ್ಳಾರಿ ಬಿಸಿಲಲ್ಲಿ ವಕೀಲರ ಬಾಗಿಲು ತಿರುಗಿದೆ.
ಒಬ್ಬರು ಹೆಸರು ಕೇಳುವ ಮೊದಲೇ ಮೊತ್ತ ಹೇಳಿದರು,
ಬಾಯಲ್ಲಿ ಹೇಳಿದ ದುಡ್ಡು ಖರ್ಚಾಗುವುದಿಲ್ಲವಲ್ಲ.
ಇನ್ನೊಬ್ಬರು ಸ್ಕ್ಯಾನಿನ ಫಿಲ್ಮನ್ನು ಟ್ಯೂಬ್‌ಲೈಟಿಗೆ
ತಲೆಕೆಳಗಾಗಿ ಹಿಡಿದು 'ಹೌದು ಹೌದು' ಅಂದರು.
ಡಾಕ್ಟರ ಸರ್ಟಿಫಿಕೇಟಿನಲ್ಲಿ ಹೋದದ್ದು ಶೇಕಡಾ ಮೂವತ್ತು,
ಇವರು ಕೇಳಿದ ಪಾಲೂ ಶೇಕಡಾ ಮೂವತ್ತು.
ಬ್ರೂಸ್‌ಪೇಟೆಯ ಯಾವುದೋ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆ:
ಲಾರಿ ಒಯ್ದಷ್ಟನ್ನೇ ಇವರೂ ಒಯ್ದರೆ
ಉಳಿದ ಗಂಡ ಎಷ್ಟು?

ಎಲ್ಲರೂ ಮಾತಾಡಿದ್ದು ನನ್ನ ಜೊತೆಗೇ.
ಅವನು ಪಕ್ಕದ ಕುರ್ಚಿಯಲ್ಲಿ
ಯಾರೋ ಮರೆತುಹೋದ ಚೀಲದಂತೆ ಕೂತಿರುತ್ತಿದ್ದ,
ಕೌಲ್ ಬಜಾರಿನ ಕಟಿಂಗ್ ಮಾಸ್ಟರ್,
ಬಾಗಿಲಲ್ಲಿ ನಿಂತವರ ಸೊಂಟವನ್ನು ಟೇಪಿಲ್ಲದೆ ಹೇಳುತ್ತಿದ್ದವನು.

ಖೈರುನ್ನೀಸಾ ವಕೀಲರ ಕೋಣೆ ಜೆರಾಕ್ಸ್ ಅಂಗಡಿಯ ಮೇಲೆ.
ಮೆಟ್ಟಿಲು ಕಡಿದು, ಅವನು ಎರಡು ಸಲ ನಿಂತ.
ನೀರು ಕೊಟ್ಟರು, ಮೊದಲು ಅವನಿಗೆ.
'ಏನಪ್ಪ ಕಸುಬು?'
'ಕಟಿಂಗ್.'
'ಹಂಗಾದ್ರೆ ನಮ್ಮ ಗುಮಾಸ್ತನ ಸೊಂಟ ಹೇಳು ನೋಡೋಣ.'
ಬಾಗಿಲಿಗೆ ನಿಂತರೆ ಬೆಳಕು ಒಳಗೆ ಬರದಂಥ ಗುಮಾಸ್ತ.
ಗಾದಿಲಿಂಗ ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿ,
'ಇಪ್ಪತ್ತೆಂಟು' ಅಂದ.

ನಗು ಬಂತು. ನನಗೆ.
ಅವರಿಗೆ ಬರಲಿಲ್ಲ. ಗುಮಾಸ್ತನಿಗೂ ಬರಲಿಲ್ಲ.
ಪೆನ್ನು ಕಾಗದದ ಮೇಲೆ ಬರೆಯಿತು: ಇಪ್ಪತ್ತೆಂಟು.

ಆಗ ಚೀಲದಿಂದ ಪ್ಯಾಂಟು ತೆಗೆದೆ,
ಯಾರಿಗೂ ತೋರಿಸದೆ ಇಟ್ಟಿದ್ದು.
ಕೆಲಸಕ್ಕೆ ಮರಳಿ ಹೋದ ದಿನ ಕೊಯ್ದ ಅರವತ್ತು ಪದರ,
ಅಷ್ಟಕ್ಕೂ ಎರಡೂ ಎಡಗಾಲು.
ಒಂದನ್ನು ಕಲಿಯುವ ಹುಡುಗ ನೋಡದೆ ಹೊಲಿದೂಬಿಟ್ಟಿದ್ದ,
ಒಂದು ಕಾಲು ನೀಲಿ, ಇನ್ನೊಂದರ ಬಿಳಿಚಿದ ಒಳಮೈ ಹೊರಗೆ.
ಮಾಲೀಕ ನೋಡಿ ಲೆಕ್ಕ ಚುಕ್ತಾ ಮಾಡಿದ.
ಬಿಚ್ಚಿ ಸರಿಮಾಡೋಣವೆಂದು ನಾನೊಂದು ದಾರ ಎಳೆದಿದ್ದೆ.

'ಇನ್ನು ಬಿಚ್ಚಬೇಡ, ಒಗೀಲೂ ಬೇಡ.
ತಲೆಗೆ ಮೂವತ್ತು ಅನ್ನೋದು ಡಾಕ್ಟರ ಲೆಕ್ಕ,
ಕತ್ತರಿಗೆ ಎಷ್ಟು ಹೋಯ್ತು, ಅದನ್ನ ನಾನು ಕೇಳ್ತೀನಿ.
ಗೆಲ್ತೀವಿ ಅಂತ ಹೇಳಲ್ಲ. ವರ್ಷ ಹಿಡೀಬಹುದು.
ಫೀಸು ಬರೆದುಕೊಡ್ತೀನಿ, ಪಾಲು ಕೇಳಲ್ಲ.
ಅದೂ ಆಗದಿದ್ರೆ ಕೋರ್ಟಿನಲ್ಲೇ ಉಚಿತ ನೆರವಿನ ಕೋಣೆ ಐತೆ,
ನಾಚಬೇಡ.'

ಗೆಲ್ತೀವಿ ಅನ್ನದವರನ್ನು ಆರಿಸುವುದು
ಎಷ್ಟು ಕಷ್ಟ.
ವಕಾಲತ್ತನ್ನು ಎರಡು ಸಲ ಓದಿಸಿಕೊಂಡೆ.
ಖಾಲಿ ಜಾಗಕ್ಕೆಲ್ಲ ಅವರೇ ಗೆರೆ ಎಳೆದರು.
ಅವನ ಸಹಿ ಗೆರೆ ಬಿಟ್ಟು ಮೇಲಕ್ಕೇರಿ,
ಅಲ್ಲೇ ಸ್ವಲ್ಪ ಹೊತ್ತು ನಿಂತು, ಮುಗಿಯಿತು.

ಇಳಿಯುವಾಗ ನಡುಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತ.
'ಸುಂಕ್ಲೀ, ಆ ಗುಮಾಸ್ತ... ಮೂವತ್ತೆಂಟಲ್ಲೇನು?'
ಕೆಳಗೆ ಜೆರಾಕ್ಸ್ ಯಂತ್ರ
ಒಂದೇ ಸಮನೆ ಬೆಳಕು ಸರಿಸುತ್ತಿತ್ತು.
ನಲವತ್ತನಾಲ್ಕಕ್ಕೆ ಕಮ್ಮಿ ಇರಲಾರ.
ಹೌದು ಅಂದೆ.